ಭಾವಚಿತ್ರದ ಹಿನ್ನೆಲೆ ಬದಲಾವಣೆ: ಉದ್ಯಮಿಗಳು ತಿಳಿದಿರಬೇಕಾದ ಕೆಲವು ಅಂಶಗಳು

ವಾಣಿಜ್ಯ ಸಂಸ್ಥೆಗಳು ಸದಸ್ಯರ ಕೈಪಿಡಿಯನ್ನಾಗಲಿ ಸ್ಮರಣ ಸಂಚಿಕೆಯನ್ನಾಗಲಿ ಹೊರತರುವ ಸಂದರ್ಭದಲ್ಲಿ ಸಂಪಾದಕರ ಮೇಜಿಗೆ ಬಂದು ಸೇರುವ ಭಾವಚಿತ್ರಗಳನ್ನು ಒಮ್ಮೆ ನೋಡಬೇಕು. ಒಬ್ಬರದು ಮದುವೆ ಮಂಟಪದ ಹೂವಿನ ಅಲಂಕಾರದ ಮುಂದೆ ತೆಗೆದದ್ದು. ಇನ್ನೊಬ್ಬರದು ಸ್ಟುಡಿಯೋದ ಕಡುನೀಲಿ ಪರದೆಯ ಮುಂದೆ. ಮತ್ತೊಬ್ಬರದು ಪ್ರವಾಸದ ಗುಂಪು ಚಿತ್ರದಿಂದ ಕತ್ತರಿಸಿದ್ದು. ಪಕ್ಕದವರ ಅರ್ಧ ಹೆಗಲು ಇನ್ನೂ ಅದರಲ್ಲಿ ಉಳಿದಿರುತ್ತದೆ. ಇವೆಲ್ಲವನ್ನೂ ಒಂದೇ ಪುಟದಲ್ಲಿ ಜೋಡಿಸಿದಾಗ ಪುಟವು ಸಂತೆಯಂತೆ ಕಾಣುವುದರಿಂದ ಮುದ್ರಣಾಲಯದವರು ಎಲ್ಲ ಚಿತ್ರಗಳ ಹಿನ್ನೆಲೆಯನ್ನು ತೆಗೆದು ಒಂದೇ ಬಣ್ಣವನ್ನು ತುಂಬುತ್ತಾರೆ. ಕಂಪನಿಯ ಪರಿಚಯ ಪತ್ರಿಕೆ, ಅಂತರಜಾಲ ತಾಣ, ನೌಕರರ ಗುರುತಿನ ಚೀಟಿ, ಪ್ರದರ್ಶನ ಮಳಿಗೆಯ ಫಲಕ ಇವೆಲ್ಲಕ್ಕೂ ಇದೇ ಕೆಲಸ ನಡೆಯುತ್ತದೆ.

ಈ ಕೆಲಸವು ಈಗ ಬಹಳ ಸುಲಭವಾಗಿದೆಯೆಂಬ ಭಾವನೆ ಸಾಮಾನ್ಯವಾಗಿದೆ. ಮೊಬೈಲ್‌ನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಸಾಕು, ಹಿನ್ನೆಲೆ ಮಾಯವಾಗುತ್ತದೆ. ಆದರೆ ಹಾಗೆ ಮಾಡಿದ ಚಿತ್ರ ಅಚ್ಚಾಗಿ ಬಂದಾಗ ತಲೆಯ ಸುತ್ತ ದೇವರ ಪಟದ ಪ್ರಭಾವಳಿಯಂತೆ ನೀಲಿ ಅಥವಾ ಬಿಳಿ ಅಂಚೊಂದು ಕಾಣಿಸುತ್ತದೆ. ಕಿವಿಯ ತುದಿ ಇರುವುದಿಲ್ಲ. ಜುಟ್ಟು ಕತ್ತರಿಸಿದ ರಟ್ಟಿನಂತೆ ಕಾಣುತ್ತದೆ. ಕೆಲಸ ಮಾಡಿದವರ ಅಜಾಗರೂಕತೆ ಇದಕ್ಕೆ ಕಾರಣವಾಗಿರಬಹುದು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವು ಚಿತ್ರ ತೆಗೆದ ಗಳಿಗೆಯಲ್ಲಿಯೇ ಸೇರಿಕೊಂಡಿರುತ್ತದೆ. ಅದು ಹೇಗೆಂಬುದನ್ನು ತಿಳಿದುಕೊಂಡರೆ ಹಣ ಕೊಟ್ಟು ಕೆಲಸ ಮಾಡಿಸುವ ಉದ್ಯಮಿಗೆ ಏನನ್ನು ಕೇಳಬೇಕು, ಎಲ್ಲಿ ಬೇಡವೆನ್ನಬೇಕು ಎಂಬುದು ಸ್ಪಷ್ಟವಾಗುತ್ತದೆ.

ಅಂಚಿನ ಲೆಕ್ಕ

ಗಣಕಯಂತ್ರದ ಪಾಲಿಗೆ ಛಾಯಾಚಿತ್ರವೆಂದರೆ ಸಣ್ಣ ಸಣ್ಣ ಚೌಕಗಳ ಹಾಸು. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಪ್ರತಿಯೊಂದು ಪಿಕ್ಸೆಲ್‌ನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಸಾಮಾನ್ಯವಾಗಿ 0 ಯಿಂದ 255 ರವರೆಗಿನ ಅಂಕಿಗಳಲ್ಲಿ ಬರೆದಿಡಲಾಗುತ್ತದೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಇದು ಮುಖ, ಇದು ಗೋಡೆ ಎಂಬ ವಿಂಗಡಣೆ ಈ ಅಂಕಿಗಳಲ್ಲಿ ಎಲ್ಲಿಯೂ ಇರುವುದಿಲ್ಲ.

ಕೆನ್ನೆಯ ಮಧ್ಯದ ಪಿಕ್ಸೆಲ್ ಪೂರ್ತಿಯಾಗಿ ಕೆನ್ನೆಯದು. ಪರದೆಯ ಮಧ್ಯದ್ದು ಪೂರ್ತಿಯಾಗಿ ಪರದೆಯದು. ತೊಡಕು ಇರುವುದು ಇವೆರಡೂ ಸೇರುವ ಗೆರೆಯಲ್ಲಿ. ಒಂದು ಕೂದಲೆಳೆಯು ಪಿಕ್ಸೆಲ್‌ಗಿಂತಲೂ ತೆಳ್ಳಗಿರುವುದುಂಟು. ಆಗ ಆ ಒಂದೇ ಚೌಕದಲ್ಲಿ ಕೂದಲು ಮತ್ತು ಪರದೆಗಳೆರಡರ ಬಣ್ಣವೂ ಬೆರೆತು ದಾಖಲಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಕೂದಲಿನ ಬಣ್ಣ 30, 30, 30 ಎಂದಿರಲಿ. ನೀಲಿ ಪರದೆಯ ಬಣ್ಣ 40, 80, 200 ಎಂದಿರಲಿ. ಒಂದು ಪಿಕ್ಸೆಲ್‌ನಲ್ಲಿ ಶೇಕಡಾ 40 ಭಾಗ ಕೂದಲು, 60 ಭಾಗ ಪರದೆ ಇದ್ದರೆ ಅಲ್ಲಿ ದಾಖಲಾಗುವ ಬಣ್ಣ 36, 60, 132. ಇದು ಕಡುನೀಲಿ. ಇದೇ ವ್ಯಕ್ತಿ ಬಿಳಿ ಗೋಡೆಯ ಮುಂದೆ ನಿಂತಿದ್ದರೆ ಅದೇ ಪಿಕ್ಸೆಲ್ 165, 165, 165 ಎಂಬ ತಿಳಿ ಬೂದು ಬಣ್ಣದ್ದಾಗಿರುತ್ತಿತ್ತು.

ಈಗ ಕತ್ತರಿಯಿಂದ ಕತ್ತರಿಸಿದಂತೆ ಹಿನ್ನೆಲೆಯನ್ನು ತೆಗೆದು ಬಿಳಿ ತುಂಬಿದರೆ ಆ ಕಡುನೀಲಿ ಚುಕ್ಕೆ ಹಾಗೆಯೇ ಉಳಿಯುತ್ತದೆ. ಸ್ವಲ್ಪ ಜಾಣತನದಿಂದ ಆ ಪಿಕ್ಸೆಲ್ಲನ್ನು ಶೇಕಡಾ 40 ರಷ್ಟು ಮಾತ್ರ ಉಳಿಸಿ ಉಳಿದದ್ದನ್ನು ಪಾರದರ್ಶಕಗೊಳಿಸಿದರೂ ಬರುವ ಬಣ್ಣ ಸುಮಾರು 167, 177, 206. ಅಂದರೆ ನೀಲಿಯ ಛಾಯೆ ಇನ್ನೂ ಹೋಗಿಲ್ಲ. ಪ್ರಭಾವಳಿಯ ಮೂಲ ಇದೇ. ಪಾರದರ್ಶಕತೆಯ ಜೊತೆಗೆ, ಬೆರೆತುಹೋಗಿರುವ ಹಳೆಯ ಬಣ್ಣವನ್ನೂ ತೆಗೆದುಹಾಕಿದಾಗ ಮಾತ್ರ ಅಂಚು ಶುದ್ಧವಾಗುತ್ತದೆ.

ಅದನ್ನು ತೆಗೆಯುವುದು ಏಕೆ ಕಷ್ಟವೆಂಬುದು ಎಣ್ಣೆ ವ್ಯಾಪಾರಿಗಳಿಗೆ ಬೇಗನೆ ಅರ್ಥವಾದೀತು. ಎರಡು ಎಣ್ಣೆ ಬೆರೆತ ಡಬ್ಬವನ್ನು ಮುಂದಿಟ್ಟು, ಯಾವ ಎರಡು ಎಣ್ಣೆಗಳು, ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದನ್ನು ಬರಿಯ ಬಣ್ಣ ನೋಡಿ ಹೇಳಿರೆಂದರೆ ಯಾರೂ ಹೇಳಲಾರರು. ಪಿಕ್ಸೆಲ್‌ನಲ್ಲಿ ನಮಗೆ ತಿಳಿದಿರುವುದು ಮೂರು ಅಂಕಿಗಳು. ತಿಳಿಯಬೇಕಾದದ್ದು ಕೂದಲಿನ ಮೂರು, ಪರದೆಯ ಮೂರು ಮತ್ತು ಪ್ರಮಾಣದ ಒಂದು, ಒಟ್ಟು ಏಳು. ಆದುದರಿಂದ ಎಷ್ಟೇ ದುಬಾರಿ ತಂತ್ರಾಂಶವಾದರೂ ಇಲ್ಲಿ ಮಾಡುವುದು ಊಹೆಯನ್ನೇ. ಹಿನ್ನೆಲೆಯು ಒಂದೇ ಬಣ್ಣದ್ದಾಗಿದ್ದರೆ ಆ ಮೂರು ಅಂಕಿಗಳು ಮೊದಲೇ ತಿಳಿದಂತಾಗಿ ಊಹೆಯ ಭಾರ ಕಡಿಮೆಯಾಗುತ್ತದೆ. ಚಲನಚಿತ್ರದವರು ನಟರನ್ನು ಹಸಿರು ಅಥವಾ ನೀಲಿ ಪರದೆಯ ಮುಂದೆ ನಿಲ್ಲಿಸುವುದರ ಗುಟ್ಟು ಇದೇ ಆಗಿದೆ. ಮದುವೆ ಮಂಟಪದ ಹೂವಿನ ಮುಂದೆ ನಿಂತವರ ಚಿತ್ರ ಏಕೆ ಕೆಡುತ್ತದೆಂಬುದಕ್ಕೂ ಇದೇ ಉತ್ತರ.

ಪಿಕ್ಸೆಲ್‌ನ ಬಣ್ಣದ ಜೊತೆಗೆ ಅದರ ಪಾರದರ್ಶಕತೆಯನ್ನೂ ನಾಲ್ಕನೆಯ ಅಂಕಿಯಾಗಿ ಇಟ್ಟುಕೊಳ್ಳುವ ಪದ್ಧತಿಯನ್ನು 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಎಂಬುವರು ರೂಪಿಸಿದರು. ಅದನ್ನು ಆಲ್ಫಾ ಎನ್ನುತ್ತಾರೆ. ಥಾಮಸ್ ಮತ್ತು ಜಾನ್ ನಾಲ್ ಸಹೋದರರು ಸಿದ್ಧಪಡಿಸಿದ ಫೋಟೋಶಾಪ್ ತಂತ್ರಾಂಶವನ್ನು ಅಡೋಬ್ ಕಂಪನಿಯು 1990 ರಲ್ಲಿ ಮಾರುಕಟ್ಟೆಗೆ ತಂದಿತು. ಒಂದರ ಮೇಲೊಂದು ಪದರಗಳನ್ನಿಟ್ಟು ಕೆಲಸ ಮಾಡುವ ಲೇಯರ್ ಸೌಲಭ್ಯ ಅದಕ್ಕೆ ಸೇರಿದ್ದು 1994 ರಲ್ಲಿ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995 ರಲ್ಲಿ ಆರಂಭಿಸಿದ ಗಿಂಪ್ ತಂತ್ರಾಂಶವು ಇಂದಿಗೂ ಉಚಿತವಾಗಿ ದೊರೆಯುತ್ತದೆ. ವರ್ಷದಲ್ಲಿ ನಾಲ್ಕಾರು ಚಿತ್ರಗಳನ್ನು ಸರಿಪಡಿಸುವ ಸಣ್ಣ ಉದ್ದಿಮೆಗೆ ಗಿಂಪ್ ಧಾರಾಳವಾಗಿ ಸಾಕು. ಪರವಾನಗಿಯಿಲ್ಲದ ತಂತ್ರಾಂಶವನ್ನು ಕಚೇರಿಯ ಗಣಕಯಂತ್ರಕ್ಕೆ ಹಾಕಿಸಿಕೊಳ್ಳುವ ಅಗತ್ಯವೇ ಇಲ್ಲ.

ಕೆಲಸದ ಕ್ರಮ

ಮೊದಲನೆಯದಾಗಿ, ಮೂಲ ಚಿತ್ರವನ್ನು ಮುಟ್ಟದೆ ಅದರ ಪ್ರತಿಯ ಮೇಲೆ ಕೆಲಸ ಮಾಡತಕ್ಕದ್ದು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ರಬ್ಬರ್ ಉಪಕರಣವನ್ನು ಹಿಡಿದು ಹಿನ್ನೆಲೆಯನ್ನು ಅಳಿಸುತ್ತಾ ಹೋಗುವುದು. ಅಳಿಸಿದ್ದು ಹೋಯಿತು, ಚಿತ್ರವನ್ನು ಉಳಿಸಿ ಮುಚ್ಚಿದ ಮೇಲೆ ಕಿವಿಯ ತುದಿ ತಪ್ಪಿ ಅಳಿಸಿದೆಯೆಂದು ತಿಳಿದರೆ ಮೊದಲಿನಿಂದ ಆರಂಭಿಸಬೇಕು. ಇದಕ್ಕೆ ಬದಲಾಗಿ ಲೇಯರ್ ಮಾಸ್ಕ್ ಬಳಸಬೇಕು. ಇದು ಚಿತ್ರದ ಮೇಲಿಟ್ಟ ಮುಸುಕಿನಂತೆ. ಮುಸುಕಿನಲ್ಲಿ ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಬೂದು ಬಳಿದರೆ ಅರೆಪಾರದರ್ಶಕವಾಗುತ್ತದೆ. ಚಿತ್ರಕ್ಕೆ ಯಾವ ಹಾನಿಯೂ ಆಗುವುದಿಲ್ಲ.

ವ್ಯಕ್ತಿಯನ್ನು ಗುರುತಿಸಲು ಗಿಂಪ್‌ನಲ್ಲಿ ಫೋರ್‌ಗ್ರೌಂಡ್ ಸೆಲೆಕ್ಟ್ ಎಂಬ ಉಪಕರಣವಿದೆ. ವ್ಯಕ್ತಿಯ ಸುತ್ತ ಸ್ಥೂಲವಾಗಿ ಗೆರೆ ಎಳೆದು, ಎಂಟರ್ ಒತ್ತಿ, ನಂತರ ಮುಖ ಮತ್ತು ಬಟ್ಟೆಗಳ ಮೇಲೆ ಕುಂಚ ಆಡಿಸಿದರೆ ಉಳಿದದ್ದನ್ನು ಅದು ಲೆಕ್ಕ ಹಾಕುತ್ತದೆ. ಫೋಟೋಶಾಪ್‌ನಲ್ಲಿ 2018 ರಿಂದ ಸೆಲೆಕ್ಟ್ ಸಬ್ಜೆಕ್ಟ್ ಎಂಬ ಆದೇಶವು ಇದನ್ನು ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ. ಅದೇ ವರ್ಷದ ಕೊನೆಯಲ್ಲಿ ಆರಂಭವಾದ ರಿಮೂವ್ ಡಾಟ್ ಬಿಜಿ ತಾಣವು ಅಂತರಜಾಲದ ಮೂಲಕ ಇದೇ ಸೇವೆಯನ್ನು ನೀಡುತ್ತದೆ. ಇಂತಹ ತಾಣಗಳಿಗೆ ನೌಕರರ ಗುರುತಿನ ಚೀಟಿಯ ಚಿತ್ರಗಳನ್ನು ಕಟ್ಟುಕಟ್ಟಾಗಿ ಏರಿಸುವ ಮುನ್ನ, ಆ ಮುಖಗಳು ನಮ್ಮ ಕಚೇರಿಯಿಂದ ಹೊರಗೆ ಬೇರೊಬ್ಬರ ಗಣಕಯಂತ್ರಕ್ಕೆ ಹೋಗುತ್ತಿವೆ ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು. ನೌಕರರ ಒಪ್ಪಿಗೆ ಪಡೆಯುವುದಂತೂ ಅವಶ್ಯ.

ಆಯ್ಕೆಯಾದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ವ್ಯಕ್ತಿಯ ಪದರದ ಕೆಳಗೆ ತಾತ್ಕಾಲಿಕವಾಗಿ ಒಂದು ಕೆಂಪು ಪದರವನ್ನಿಟ್ಟು, ಚಿತ್ರವನ್ನು ಶೇಕಡಾ 100 ರ ಗಾತ್ರದಲ್ಲಿ ನೋಡಬೇಕು. ಬಿಳಿಯ ಮೇಲೆ ಕಾಣದ ದೋಷಗಳೆಲ್ಲ ಕೆಂಪಿನ ಮೇಲೆ ಎದ್ದು ಕಾಣುತ್ತವೆ. ಅಂಗಿ, ಕೋಟುಗಳ ಅಂಚನ್ನು ಒಂದು ಪಿಕ್ಸೆಲ್‌ನಷ್ಟು ಒಳಕ್ಕೆ ಸರಿಸಿದರೆ ಹಳೆಯ ಬಣ್ಣ ಬಹುಪಾಲು ಹೋಗುತ್ತದೆ. ಕೂದಲಿಗೆ ಈ ಉಪಾಯ ಸಲ್ಲದು. ಒಳಕ್ಕೆ ಸರಿಸಿದರೆ ಕೂದಲೇ ಹೋಗುತ್ತದೆ. ಅಲ್ಲಿ ಫೋಟೋಶಾಪ್‌ನ ಸೆಲೆಕ್ಟ್ ಅಂಡ್ ಮಾಸ್ಕ್ ಕಿಟಕಿಯಲ್ಲಿರುವ ಡೀಕಂಟ್ಯಾಮಿನೇಟ್ ಕಲರ್ಸ್ ಎಂಬ ಆಯ್ಕೆಯು ಮೇಲೆ ಹೇಳಿದ ನೀಲಿ ಛಾಯೆಯನ್ನು ತೆಗೆಯುತ್ತದೆ. ಗಿಂಪ್‌ನಲ್ಲಾದರೆ ಪದರದ ಒಂದು ಪ್ರತಿ ಮಾಡಿಕೊಂಡು, ಅದಕ್ಕೆ ಮಾಸ್ಕನ್ನು ಅನ್ವಯಿಸಿ, ಆಲ್ಫಾಗೆ ಬೀಗ ಹಾಕಿ, ಅಂಚಿನ ಕೂದಲಿನ ಮೇಲೆ ಒಳಗಿನ ಕೂದಲಿನ ಬಣ್ಣವನ್ನೇ ಮೃದುವಾದ ಕುಂಚದಿಂದ ಬಳಿಯಬೇಕು. ಬೀಗ ಹಾಕಿರುವುದರಿಂದ ಪಾರದರ್ಶಕತೆ ಕದಲುವುದಿಲ್ಲ, ಬಣ್ಣ ಮಾತ್ರ ಬದಲಾಗುತ್ತದೆ. ತಾಳ್ಮೆ ಬೇಡುವ ಕೆಲಸವಿದು.

ಮರೆತುಹೋಗುವ ಜಾಗಗಳು ಕೆಲವಿವೆ. ಸೊಂಟದ ಮೇಲೆ ಕೈಯಿಟ್ಟು ನಿಂತವರ ತೋಳು ಮತ್ತು ಮೈಯ ನಡುವಿನ ಸಂದಿಯಲ್ಲಿ ಹಳೆಯ ಹಿನ್ನೆಲೆ ಉಳಿದುಬಿಡುತ್ತದೆ. ಮುಖ ಓರೆಯಾಗಿದ್ದರೆ ಕನ್ನಡಕದ ಗಾಜಿನೊಳಗಿಂದಲೂ ಹಿನ್ನೆಲೆ ಇಣುಕುತ್ತದೆ. ತೂಗಾಡುವ ಜುಮುಕಿಯ ರಂಧ್ರಗಳು, ಸೆರಗಿನ ಕುಚ್ಚು, ಮೈಸೂರು ಪೇಟದ ಜರಿಯಂಚು ಇವುಗಳಿಗೆ ಯಂತ್ರದ ಊಹೆಯನ್ನು ನಂಬುವಂತಿಲ್ಲ. ಮುಡಿದ ಮಲ್ಲಿಗೆಯಂತೂ ಬಿಳಿ ಹಿನ್ನೆಲೆಯಲ್ಲಿ ಕರಗಿಯೇ ಹೋಗುತ್ತದೆ. ಸೀರೆ ವ್ಯಾಪಾರಿಗಳು ರೂಪದರ್ಶಿಯರ ಚಿತ್ರಗಳನ್ನು ಬಿಳಿಯ ಮೇಲೆ ಇಡಿಸುವ ಮೊದಲು ಇದನ್ನು ಗಮನಿಸಬೇಕು.

ನಮ್ಮ ವರ್ತಕರಲ್ಲಿ ಅನೇಕರು ಬಿಳಿ ಅಂಗಿಯನ್ನೇ ಧರಿಸುವವರು. ಬಿಳಿ ಹಿನ್ನೆಲೆಯಲ್ಲಿ ಅವರ ಹೆಗಲು ಕಾಣದೆ ತಲೆಯೊಂದೇ ಕಾಗದದಲ್ಲಿ ತೇಲಿದಂತೆ ಕಾಣುತ್ತದೆ. ಸದಸ್ಯರ ಕೈಪಿಡಿಗೆ ತಿಳಿ ಬೂದು ಅಥವಾ ಮಾಸಲು ನೀಲಿ ಬಣ್ಣವೇ ಲೇಸು. ಬಿಳಿ ಕೂದಲಿನ ಹಿರಿಯರಿಗೂ ಕಪ್ಪು ಕೂದಲಿನ ಕಿರಿಯರಿಗೂ ಅದು ಸಮಾನವಾಗಿ ಒಪ್ಪುತ್ತದೆ.

ಒಂದೇ ಬಣ್ಣದ ಬದಲು ಕಾರ್ಖಾನೆಯ ಒಳಭಾಗವನ್ನೋ ಅಂಗಡಿಯ ಮುಂಭಾಗವನ್ನೋ ಹಿನ್ನೆಲೆಯಾಗಿ ಇಡುವುದಾದರೆ ಅಂಚು ಶುದ್ಧವಾಗಿದ್ದರೆ ಸಾಲದು. ಮುಖದ ಮೇಲೆ ಬೆಳಕು ಎಡದಿಂದ ಬಿದ್ದಿದ್ದು ಹಿಂದಿನ ಯಂತ್ರಗಳ ಮೇಲೆ ಬಲದಿಂದ ಬಿದ್ದಿದ್ದರೆ, ಕಾರಣ ಹೇಳಲು ಬಾರದವರಿಗೂ ಚಿತ್ರವು ಸುಳ್ಳೆಂದು ತೋರುತ್ತದೆ. ಎರಡೂ ಚಿತ್ರಗಳಲ್ಲಿ ಕ್ಯಾಮರಾ ಸುಮಾರು ಒಂದೇ ಎತ್ತರದಲ್ಲಿರಬೇಕು. ಟ್ಯೂಬ್‌ಲೈಟಿನ ಕೆಳಗಿನ ಮುಖವನ್ನು ಸಂಜೆ ಬಿಸಿಲಿನ ಅಂಗಳದಲ್ಲಿ ನಿಲ್ಲಿಸಿದರೆ ಬಣ್ಣಗಳು ಜಗಳವಾಡುತ್ತವೆ. ಹಿನ್ನೆಲೆಯನ್ನು ಸ್ವಲ್ಪ ಮಸುಕುಗೊಳಿಸುವುದರಿಂದ ಈ ದೋಷಗಳು ಕೊಂಚ ಮುಚ್ಚುತ್ತವೆ, ಪೂರ್ತಿಯಾಗಿ ಅಲ್ಲ.

ಇಷ್ಟೆಲ್ಲ ತೊಂದರೆಯನ್ನು ಚಿತ್ರ ತೆಗೆಯುವಾಗಲೇ ಬಹುಮಟ್ಟಿಗೆ ತಪ್ಪಿಸಬಹುದು. ವ್ಯಕ್ತಿಯನ್ನು ತಿಳಿ ಬೂದು ಬಣ್ಣದ ಗೋಡೆ ಅಥವಾ ಸುಕ್ಕಿಲ್ಲದ ಬಟ್ಟೆಯಿಂದ 5–6 ಅಡಿ ಮುಂದೆ ನಿಲ್ಲಿಸಿದರೆ ನೆರಳು ಗೋಡೆಯ ಮೇಲೆ ಬೀಳುವುದಿಲ್ಲ, ಗೋಡೆಯ ಬಣ್ಣವೂ ಕೆನ್ನೆಗೆ ಪ್ರತಿಫಲಿಸುವುದಿಲ್ಲ. ನೇರ ಬಿಸಿಲಿಲ್ಲದ ದೊಡ್ಡ ಕಿಟಕಿಯ ಬೆಳಕು ಸಾಕು. ಮೊಬೈಲಿನಲ್ಲಿ ತೆಗೆಯುವುದಾದರೆ ಮುಖಕ್ಕೆ ತೀರ ಹತ್ತಿರ ಹೋಗದೆ ನಾಲ್ಕೈದು ಅಡಿ ದೂರವಿರಬೇಕು. ಹತ್ತಿರ ಹೋದರೆ ಮೂಗು ದೊಡ್ಡದಾಗಿ ಬರುತ್ತದೆ. ಪೋರ್ಟ್ರೇಟ್ ಮೋಡ್ ಎಂಬ ಸೌಲಭ್ಯವನ್ನು ಆರಿಸಿಡಬೇಕು. ಅದು ಹಿನ್ನೆಲೆಯನ್ನು ಲೆಕ್ಕಾಚಾರದಿಂದ ಮಸುಕುಗೊಳಿಸುವಾಗ ಕೂದಲು ಮತ್ತು ಕಿವಿಯ ಅಂಚುಗಳನ್ನೂ ಮಸುಕುಗೊಳಿಸಿಬಿಡುವುದುಂಟು. ಅಂತಹ ಅಂಚನ್ನು ನಂತರ ಯಾರೂ ಸರಿಪಡಿಸಲಾರರು. ಕಚೇರಿಯ ಒಂದು ಮೂಲೆಯನ್ನು ಹೀಗೆ ಸಜ್ಜುಗೊಳಿಸಿಟ್ಟುಕೊಂಡರೆ ಹೊಸ ನೌಕರರು ಸೇರಿದಾಗಲೆಲ್ಲ ಎರಡು ನಿಮಿಷದ ಕೆಲಸ.

ಹಿನ್ನೆಲೆ ಬದಲಿಸಲೇಬಾರದ ಚಿತ್ರಗಳು

ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಇಲ್ಲಿದೆ. ವಿದೇಶೀ ಮೇಳಗಳಿಗೆ, ಖರೀದಿದಾರರ ಭೇಟಿಗೆ ಹೊರಡುವ ಉದ್ಯಮಿಗಳು ವೀಸಾ ಅರ್ಜಿಗೆ ಬಿಳಿ ಹಿನ್ನೆಲೆಯ ಚಿತ್ರ ಬೇಕೆಂದಾಗ, ಕೈಪಿಡಿಗಾಗಿ ತೆಗೆಸಿದ ಹಳೆಯ ಚಿತ್ರವನ್ನೇ ಕೊಟ್ಟು ಹಿನ್ನೆಲೆಯನ್ನು ಬಿಳಿ ಮಾಡಿಸುತ್ತಾರೆ. ನೂರಿನ್ನೂರು ರೂಪಾಯಿ ಉಳಿಯಿತೆಂದು ಭಾವಿಸುತ್ತಾರೆ. ಆದರೆ ಗುರುತಿನ ಚಿತ್ರದ ಉದ್ದೇಶವೇ ಬೇರೆ. ಅದು ಚೆನ್ನಾಗಿ ಕಾಣಬೇಕಾದ ಚಿತ್ರವಲ್ಲ, ಯಂತ್ರವು ಮುಖವನ್ನು ಅಳೆಯಬೇಕಾದ ಚಿತ್ರ. ಕಿವಿಯ, ದವಡೆಯ, ನೆತ್ತಿಯ ಅಂಚನ್ನು ತಂತ್ರಾಂಶ ಊಹಿಸಿ ಬರೆದಿದ್ದರೆ ಮುಖದ ಹೊರರೇಖೆಯೇ ಬದಲಾಗಿರುತ್ತದೆ.

ಅಮೆರಿಕದ ವೀಸಾ ಚಿತ್ರವು 51 ಮಿಲಿಮೀಟರ್ ಚೌಕವಾಗಿರಬೇಕು, ಬಿಳಿ ಅಥವಾ ಮಾಸಲು ಬಿಳಿ ಹಿನ್ನೆಲೆಯ ಮುಂದೆ ಕಳೆದ 6 ತಿಂಗಳೊಳಗೆ ತೆಗೆದದ್ದಾಗಿರಬೇಕು. 2016 ರ ನವೆಂಬರ್‌ನಿಂದ ಕನ್ನಡಕ ಧರಿಸಿದ ಚಿತ್ರವನ್ನು, ವೈದ್ಯಕೀಯ ಕಾರಣವಿದ್ದ ಹೊರತು, ಸ್ವೀಕರಿಸುವುದಿಲ್ಲ. ರೂಪವನ್ನು ಬದಲಿಸುವಂತೆ ಗಣಕಯಂತ್ರದಲ್ಲಿ ತಿದ್ದಿದ ಚಿತ್ರವನ್ನೂ ಅಲ್ಲಿ ಒಪ್ಪುವುದಿಲ್ಲ. ಯುರೋಪಿನ ಷೆಂಗೆನ್ ದೇಶಗಳಿಗೆ 35×45 ಮಿಲಿಮೀಟರ್, ಚೀನಾಕ್ಕೆ 33×48 ಮಿಲಿಮೀಟರ್. ಅಳತೆ ಬೇರೆ ಬೇರೆಯಾದುದರಿಂದ ಒಂದೇ ಚಿತ್ರವನ್ನು ಎಲ್ಲ ಕಡೆಗೂ ಕತ್ತರಿಸಿ ಹೊಂದಿಸುವುದೂ ಅಪಾಯವೇ. ಚಿತ್ರ ತಿರಸ್ಕೃತವಾದರೆ ನಷ್ಟವಾಗುವುದು ಸ್ಟುಡಿಯೋದ ಶುಲ್ಕವಲ್ಲ. ಅರ್ಜಿ ಹಿಂದಕ್ಕೆ ಬರುತ್ತದೆ, ಸಂದರ್ಶನದ ದಿನ ತಪ್ಪುತ್ತದೆ, ಮೇಳದಲ್ಲಿ ಮುಂಗಡ ಕೊಟ್ಟು ಹಿಡಿದ ಮಳಿಗೆ ಖಾಲಿ ನಿಲ್ಲುತ್ತದೆ. ವೀಸಾ ಚಿತ್ರವನ್ನು ಪ್ರತಿ ಬಾರಿಯೂ ನಿಜವಾದ ಬಿಳಿ ಗೋಡೆಯ ಮುಂದೆ ಹೊಸದಾಗಿ ತೆಗೆಸಿಕೊಳ್ಳುವುದೇ ಸರಿಯಾದ ಮಾರ್ಗ. ಸ್ಟುಡಿಯೋದವರಿಗೆ ತಿದ್ದುಪಡಿ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಮುಖದ ಮಚ್ಚೆಯನ್ನು ಅಳಿಸಿ ಬಣ್ಣವನ್ನು ಬಿಳಿಚಿಸುವ ಅಭ್ಯಾಸ ಅನೇಕ ಕಡೆ ಕೇಳದೆಯೇ ನಡೆಯುತ್ತದೆ.

ಜಾಹೀರಾತಿನಲ್ಲಿ ಇಷ್ಟು ಕಟ್ಟುನಿಟ್ಟಿಲ್ಲದಿದ್ದರೂ ಹಿನ್ನೆಲೆಯಾಗಿ ಏನನ್ನು ಇಡುತ್ತೇವೆಂಬುದಕ್ಕೆ ಮಿತಿಯಿದೆ. ಎರಡು ಯಂತ್ರಗಳ ಘಟಕದ ಮಾಲೀಕರು ಅಂತರಜಾಲದಲ್ಲಿ ಸಿಕ್ಕ ಬೃಹತ್ ಕಾರ್ಖಾನೆಯ ಮುಂದೆ ತಮ್ಮನ್ನು ನಿಲ್ಲಿಸಿಕೊಂಡರೆ ಅಲ್ಲಿ ಎರಡು ತಪ್ಪುಗಳಿವೆ. ಆ ಕಾರ್ಖಾನೆಯ ಚಿತ್ರಕ್ಕೆ ಬೇರೊಬ್ಬರ ಹಕ್ಕುಸ್ವಾಮ್ಯವಿರುತ್ತದೆ. ಜೊತೆಗೆ, ಗ್ರಾಹಕರನ್ನು ದಾರಿತಪ್ಪಿಸುವ ಜಾಹೀರಾತಿಗೆ 2019 ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರಿಗೆ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ಮಾಡಿದಲ್ಲಿ 50 ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕಿದೆ. ಆಗಸ್ಟ್ ತಿಂಗಳಲ್ಲಿ ಶುಭಾಶಯದ ಜಾಹೀರಾತುಗಳಲ್ಲಿ ಮಾಲೀಕರ ಹಿಂದೆ ತ್ರಿವರ್ಣ ಧ್ವಜವನ್ನು ಹರಡುವವರೂ 1950 ರ ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯ್ದೆಯನ್ನು ಗಮನದಲ್ಲಿಡಬೇಕು. ಸರ್ಕಾರದ ಅನುಮತಿಯಿಲ್ಲದೆ ರಾಷ್ಟ್ರಧ್ವಜವನ್ನು ವ್ಯಾಪಾರದ ಉದ್ದೇಶಕ್ಕೆ ಬಳಸುವುದನ್ನು ಅದು ನಿಷೇಧಿಸುತ್ತದೆ. ಸ್ವಂತ ಅಂಗಡಿಯ ಮುಂಭಾಗ ಚಿಕ್ಕದಾದರೂ ಅದಕ್ಕೆ ಯಾರ ತಕರಾರೂ ಬರುವುದಿಲ್ಲ.

ನಾವು ಹಣ ಕೊಟ್ಟು ತೆಗೆಸಿದ ಭಾವಚಿತ್ರದ ಮಾತು ಬೇರೆ. 1957 ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ ಅದರ ಮೊದಲ ಹಕ್ಕುದಾರರು ಹಣ ಕೊಟ್ಟು ತೆಗೆಸಿದವರೇ. ಹಿನ್ನೆಲೆಯನ್ನು ಬದಲಿಸಲು ಛಾಯಾಗ್ರಾಹಕರ ಒಪ್ಪಿಗೆಗಾಗಿ ಕಾಯಬೇಕಿಲ್ಲ. ಆದರೆ ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಏನು ಮುದ್ರಿಸಿದ್ದಾರೆಂಬುದನ್ನು ಒಮ್ಮೆ ಓದಿಕೊಳ್ಳಬೇಕು.

ಕಡತವನ್ನು ಪಡೆಯುವಾಗ

ಸಿದ್ಧವಾದ ಚಿತ್ರವನ್ನು ಪಡೆಯುವಾಗ ಸಾಮಾನ್ಯವಾಗಿ ಕೈಗೆ ಬರುವುದು ಜೆಪೆಗ್ ಕಡತ ಮಾತ್ರ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ. ಅದರಲ್ಲಿ ಹಿನ್ನೆಲೆ ಯಾವಾಗಲೂ ಯಾವುದೋ ಒಂದು ಬಣ್ಣದ್ದಾಗಿರುತ್ತದೆ. ಮುಂದಿನ ವರ್ಷ ಫಲಕದ ಬಣ್ಣ ಬದಲಾದರೆ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿಸಿ ಮತ್ತೆ ಹಣ ಕೊಡಬೇಕಾಗುತ್ತದೆ. ಆದುದರಿಂದ ಮೂಲ ಚಿತ್ರ, ಪದರಗಳಿರುವ ಕಡತ ಮತ್ತು ಹಿನ್ನೆಲೆಯಿಲ್ಲದ ಪಿಎನ್‌ಜಿ ಕಡತ ಈ ಮೂರನ್ನೂ ಕೊಡತಕ್ಕದ್ದೆಂದು ಕೆಲಸ ಒಪ್ಪಿಸುವಾಗಲೇ ಹೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಜಿಎಸ್‌ಟಿ ನೋಂದಣಿಗೆ ಪಾಲುದಾರರ ಚಿತ್ರವನ್ನು 100 ಕೆಬಿ ಮೀರದ ಜೆಪೆಗ್ ಆಗಿ ಏರಿಸಬೇಕಾಗುತ್ತದೆ. ಅದನ್ನು ಮೂಲದಿಂದ ಬೇರೆಯಾಗಿ ತಯಾರಿಸಿಕೊಳ್ಳಬೇಕೇ ಹೊರತು ಆ ಸಣ್ಣ ಕಡತವನ್ನೇ ಮುದ್ರಣಕ್ಕೆ ಕಳುಹಿಸಬಾರದು. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕೆಂಬುದು ರೂಢಿ. ಆ ಲೆಕ್ಕದಲ್ಲಿ 35×45 ಮಿಲಿಮೀಟರಿನ ಸಣ್ಣ ಚಿತ್ರಕ್ಕೆ ಸುಮಾರು 413×531 ಪಿಕ್ಸೆಲ್ ಸಾಕಾದರೆ, 6 ಅಂಗುಲ ಅಗಲದ ಚಿತ್ರಕ್ಕೆ ಅಗಲದಲ್ಲಿಯೇ 1800 ಪಿಕ್ಸೆಲ್ ಬೇಕು.

ವಾಟ್ಸ್‌ಆ್ಯಪ್ ಮೂಲಕ ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೆ ಅದು ಕುಗ್ಗಿಹೋಗುತ್ತದೆ, ಪಾರದರ್ಶಕತೆಯೂ ನಷ್ಟವಾಗುತ್ತದೆ. ಡಾಕ್ಯುಮೆಂಟ್ ಎಂಬ ಆಯ್ಕೆಯ ಮೂಲಕ ಕಳುಹಿಸಿದರೆ ಕಡತವು ಇದ್ದಂತೆಯೇ ತಲುಪುತ್ತದೆ. ಮುಂದಿನ ಕೈಪಿಡಿಗೆ ಭಾವಚಿತ್ರ ಕಳುಹಿಸುವ ಸದಸ್ಯ ಬಾಂಧವರು ದಯವಿಟ್ಟು ಹೀಗೆಯೇ ಕಳುಹಿಸಬೇಕು, ಮತ್ತು ಹಿನ್ನೆಲೆಯನ್ನು ತಾವೇ ತೆಗೆಯದೆ ಮೂಲ ಚಿತ್ರವನ್ನೇ ಕಳುಹಿಸಬೇಕು.